ಕಟ್ಟಿದ ಕೈಯೇ ಬಿಚ್ಚಬೇಕು

ಆ ಬಾಗಿಲು ಸ್ವಲ್ಪ ಎಳ್ಕೊಳ್ಳಿ... ಹಾಂ, ಸಾಕು. ದೀಪ ಇರಲಿ. ನನಗೆ ಹೆದರಿಕೆ ಅಂತಲ್ಲ, ನಿಮ್ಮ ಮುಖ ಕಾಣ್ತಿರಲಿ ಅಂತ. ಮಧ್ಯದಲ್ಲಿ ಯಾರಾದ್ರೂ ಕಿಸಕ್ ಅಂದ್ರೆ ಅಲ್ಲಿಗೇ ನಿಲ್ಲಿಸಿಬಿಡ್ತೀನಿ, ಆಮೇಲೆ ಎಷ್ಟು ಗೋಗರೆದ್ರೂ ಬಾಯಿ ಬಿಡಲ್ಲ.

ಇದು ನಮ್ಮ ದೊಡ್ಡಮ್ಮನ ಮಗಳಿಗೆ ಆಗಿದ್ದು. ನಾನು ಅವಳನ್ನ ಅಕ್ಕ ಅಂತೀನಿ. ಡ್ರೈವಿಂಗ್ ಸ್ಕೂಲಲ್ಲಿ ಗಾಡಿ ಕಲಿಸ್ತಾಳೆ. ಕ್ಲಚ್ ಬಿಡೋಕೆ ಬಾರದವರನ್ನ ಬೈದು ಬೈದು ಅವಳ ಗಂಟಲು ಒಡೆದುಹೋಗಿದೆ. ಕತೆ ಕಟ್ಟೋ ಚಟ ನನಗಿದೆ, ಒಪ್ಕೋತೀನಿ. ಅವಳಿಗಿಲ್ಲ. ಅವಳು ಇದನ್ನ ಹೇಳುವಾಗ ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡಿದ್ಳು. ಉಗುರು ನಾಟಿತ್ತು ನೋಡಿ, ಇಲ್ಲಿ.

ಆವತ್ತು ರಾತ್ರಿ ಅಕ್ಕನೂ ಅವಳ ತಮ್ಮನೂ ಶಿಬಿರಕ್ಕೆ ವಾಪಸ್ ನಡ್ಕೊಂಡು ಬರ್ತಿದ್ರು. ಎರಡೂ ಕಡೆ ಖಾಲಿ ಬಯಲು. ಟಾರ್ಚ್ ಹಾಕೋ ಹಾಗಿಲ್ಲ, ಅದು ಅಲ್ಲಿಯ ಕಟ್ಟಳೆ. ಬೂಟು ಜಲ್ಲಿ ಮೇಲೆ ಚರಕ್... ಚರಕ್... ಬೇರೆ ಸದ್ದಿಲ್ಲ. ದಾರಿ ಪಕ್ಕ ಒಂದು ಹಾಳು ಬಾವಿ. ಮೇಲೆ ರಾಟೆ ಇದೆ, ಹಗ್ಗ ಇಲ್ಲ, ಕೊಡ ಇಲ್ಲ. ಗಾಳಿಯೂ ಇರಲಿಲ್ಲ. ಆದ್ರೂ ರಾಟೆ ಕಿರ್ರ್... ಅಂತು. ಒಂದೇ ಸಲ.

ಬಾವಿ ಕಟ್ಟೆ ಹತ್ರ ಬರ್ತಿದ್ದ ಹಾಗೆ ತಮ್ಮ ನಿಂತುಬಿಟ್ಟ.

"ಅಕ್ಕಾ..." ಅಂದ, ಪಿಸುಮಾತಲ್ಲಿ. "ನನ್ನನ್ನ ಸಾಯಿಸೇ."

ಗಾಬರಿ ಬೇಡ, ಹೇಳ್ತೀನಿ. ಅಕ್ಕನೂ ತಮ್ಮನೂ ಮೀಸಲು ಸೈನ್ಯದವರು. ಅಂದ್ರೆ ವರ್ಷವೆಲ್ಲ ನಮ್ಮ ನಿಮ್ಮ ಹಾಗೆ ಸಂಸಾರ ಮಾಡ್ಕೊಂಡಿರೋದು, ವರ್ಷಕ್ಕೊಂದು ಸಲ ಕರೆ ಬಂದಾಗ ಖಾಕಿ ಹಾಕ್ಕೊಂಡು ತಾಲೀಮಿಗೆ ಓಡೋದು. ಗುಂಡು ಹಾರಿಸೋ ಪಡೆ ಅಂದ್ಕೋಬೇಡಿ. ಸರಬರಾಜು ತುಕಡಿ. ಹಿಟ್ಟಿನ ಮೂಟೆ, ನೀರು, ಡೀಸೆಲ್ ಪೀಪಾಯಿ, ಟೈರು, ಬೂಟು... ಮುಂದೆ ಇರೋರಿಗೆ ಇವನ್ನೆಲ್ಲ ಲಾರಿಯಲ್ಲಿ ತಲುಪಿಸೋದು ಇವರ ಕೆಲಸ. ಇನ್ನೊಂದು ಕೆಲಸವೂ ಇದೆ, ಅದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ. ಯುದ್ಧ ನಡೆಯುವಾಗ ಹಿಟ್ಟು ಹೊತ್ಕೊಂಡು ಹೋದ ಲಾರಿ ಖಾಲಿ ವಾಪಸ್ ಬರಲ್ಲ. ಸತ್ತವರನ್ನ ತರುತ್ತೆ.

ಅದಕ್ಕೂ ತಾಲೀಮು ಬೇಕಲ್ಲ? ಸುಮ್ಮನೆ ತಾಲೀಮಿಗೆ ಬಂದವರಲ್ಲಿ ಸಾಯೋರು ಯಾರು? ಅದಕ್ಕೇ ಅಂಪೈರ್‌ಗಳು. ಕ್ರಿಕೆಟ್‌ನಲ್ಲಿ ಅಂಪೈರ್ ಔಟ್ ಕೊಡ್ತಾನಲ್ಲ, ಇಲ್ಲಿ ಸಾವು ಕೊಡ್ತಾರೆ. "ನಿನಗೆ ಗುಂಡು ಬಿತ್ತು" ಅಂತ ಹೇಳಿ ತೋಳಿಗೆ ಬಿಳಿ ಬಟ್ಟೆ ಪಟ್ಟಿ ಕಟ್ಟಿದ್ರೆ ಮುಗೀತು, ನೀನು ಹೆಣ. ಮಾತಾಡೋ ಹಾಗಿಲ್ಲ. ಸತ್ತವರ ಲಾರಿ ಬಂದು ಎತ್ಕೊಂಡು ಹೋಗೋ ತನಕ ಬಿದ್ದಲ್ಲೇ ಬಿದ್ದಿರಬೇಕು. ಆಮೇಲೆ ಮಜಾ. ಗುಡಾರದಲ್ಲಿ ಕಂಬಳಿ, ಬಿಸಿ ಚಹಾ, ಬೆಳಗಿನ ತನಕ ನಿದ್ದೆ. ಬದುಕಿರೋರು ಮಾತ್ರ ಮೂಟೆ ಹೊರಬೇಕು. ಅದಕ್ಕೇ ಅಲ್ಲಿ ಎಲ್ಲರಿಗೂ ಸಾಯೋ ಆಸೆ.

ಆ ವರ್ಷ ಅಕ್ಕ ಅಂಪೈರ್. ಉಗ್ರಾಣ ನೋಡ್ಕೊಳ್ಳೋರೊಬ್ಬರಿದ್ರು, ಎಲ್ಲರೂ ಅಜ್ಜ ಅಂತಲೇ ಕರೀತಿದ್ರು. ಅವರು ಅಕ್ಕನ ಕೈಗೆ ಪಟ್ಟಿಗಳನ್ನ ಕೊಡುವಾಗ ಒಂದು ಮಾತು ಹೇಳಿದ್ರು.

"ನೋಡಮ್ಮಾ, ಕಟ್ಟಿದ ಕೈಯೇ ಬಿಚ್ಚಬೇಕು. ಕತ್ತರಿ ಹಾಕ್ಬೇಡ. ಬೇರೆಯವರ ಕೈಯಲ್ಲಿ ಬಿಚ್ಚಿಸ್ಬೇಡ. ತಾಲೀಮು ಮುಗಿದ ಮೇಲೆ ನೀನು ಕಟ್ಟಿದ್ದನ್ನೆಲ್ಲ ನೀನೇ ಬಿಚ್ಚಿ, ಆಮೇಲೆ ಮನೆಗೆ ಹೋಗು."

"ಬಿಚ್ಚದೇ ಹೋದ್ರೆ ಏನಜ್ಜಾ, ಬಟ್ಟೆಗೆ ದುಡ್ಡು ಹಿಡೀತಾರಾ?" ಅಂತ ಅಕ್ಕ ನಕ್ಕಿದ್ಳು.

ಅಜ್ಜ ನಗಲಿಲ್ಲ.

ಈಗ ಬಾವಿ ಹತ್ರ ಬನ್ನಿ. ತಮ್ಮನಿಗೆ ಮನೆಯಲ್ಲಿ ನಿದ್ದೆಬುರುಕ ಅಂತಲೇ ಹೆಸರು. ಊರಲ್ಲಿ ಬ್ರೆಡ್ ವ್ಯಾನ್ ಓಡಿಸ್ತಾನೆ. ಶಿಬಿರಕ್ಕೆ ಬಂದಾಗಿನಿಂದ ಅವನಿಗೆ ಸರಿಯಾಗಿ ಕಣ್ಣು ಮುಚ್ಚೋಕೆ ಆಗಿರಲಿಲ್ಲ. ಹಗಲು ಲಾರಿ, ರಾತ್ರಿ ಮೂಟೆ. ಈಗ ಶಿಬಿರ ಮುಟ್ಟಿದ ತಕ್ಷಣ ಮತ್ತೆ ಮೂಟೆ ಇಳಿಸಬೇಕು, ಬೆಳಕು ಹರಿಯೋ ಮುಂಚೆ ಡೀಸೆಲ್ ಟ್ಯಾಂಕರ್ ತಗೊಂಡು ಹೊರಡಬೇಕು.

"ಆಟ ಆಡ್ಬೇಡ, ನಡಿ," ಅಂದ್ಳು ಅಕ್ಕ.

"ಆಟ ಅಲ್ವೇ. ಸಂಜೆ ಲಾರಿ ಓಡಿಸ್ತಾ ಓಡಿಸ್ತಾ ಕಣ್ಣು ಮುಚ್ಚಿಬಿಟ್ಟಿದ್ದೆ. ತೆರೆದಾಗ ಚಕ್ರ ಮೋರಿ ಅಂಚಲ್ಲಿತ್ತು. ಯಾರಿಗೂ ಹೇಳಿಲ್ಲ..."

ಬೇರೆ ಯಾರಾದ್ರೂ ಆಗಿದ್ರೆ ಬೈದು ಎಳ್ಕೊಂಡು ಹೋಗ್ತಿದ್ರೇನೋ. ಆದ್ರೆ ಗಾಡಿ ಕಲಿಸೋಳು ಅವಳು. ನಿದ್ದೆಗಣ್ಣಲ್ಲಿ ಸ್ಟೇರಿಂಗ್ ಹಿಡಿದೋರು ಏನಾಗ್ತಾರೆ ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮನೆಯಲ್ಲಿ ಅವನ ಹೆಂಡ್ತಿ ತುಂಬಿದ ಬಸುರಿ. ಹೊರಡುವಾಗ ಆ ಹುಡುಗಿ ಬಾಗಿಲಲ್ಲಿ ನಿಂತು, "ಇವರನ್ನ ನಿಮ್ಮ ಕೈಗೆ ಕೊಡ್ತಿದ್ದೀನಿ, ಹಾಗೇ ವಾಪಸ್ ಕೊಡಿ" ಅಂದಿದ್ಳು. ನಗ್ತಾನೇ ಅಂದಿದ್ದು. ಆದ್ರೂ ಅಂದಿದ್ಳು.

ಹಾಗಾಗಿ ಅಕ್ಕ ತಪ್ಪು ಮಾಡಿದ್ಳು. ದಾಳಿ ನಡೆಯದೇ ಯಾರನ್ನೂ ಸಾಯಿಸೋ ಹಾಗಿಲ್ಲ, ಅದು ನಿಯಮ. ಅಕ್ಕ ಜೇಬಿಂದ ಪಟ್ಟಿ ತೆಗೆದು ತಮ್ಮನ ಎಡತೋಳಿಗೆ ಎರಡು ಸುತ್ತು ಸುತ್ತಿ ಬಿಗಿಯಾಗಿ ಗಂಟು ಹಾಕಿದ್ಳು.

"ಸತ್ತೆ ನೀನು. ಬಿದ್ಕೋ. ಶಿಬಿರಕ್ಕೆ ಹೋಗಿ ಸತ್ತವರ ಲಾರಿಯವನಿಗೆ ಹೇಳ್ತೀನಿ, ಬಂದು ಎತ್ಕೊಂಡು ಹೋಗ್ತಾನೆ. ಬಾಯಿ ಬಿಡ್ಬೇಡ."

"ದೇವರು ನೀನು," ಅಂದ ಅವನು. ಬಾವಿ ಕಟ್ಟೆಗೆ ಬೆನ್ನು ಕೊಟ್ಟು ಹುಲ್ಲಿನ ಮೇಲೆ ಕಾಲು ಚಾಚಿದ. ಅಕ್ಕ ಆಚೆ ತಿರುಗೋದ್ರೊಳಗೆ ಗೊರಕೆ.

ರಾಟೆ ಮತ್ತೆ ಕಿರ್ರ್... ಅಂತು.

ಶಿಬಿರ ಅಲ್ಲಿಂದ ಒಂದು ತಿರುವು ದಾಟಿದ್ರೆ. ಅಕ್ಕ ಹೋದಾಗ ಸತ್ತವರ ಲಾರಿ ಉಗ್ರಾಣದ ಮುಂದೆ ಜಾಕಿ ಮೇಲೆ ನಿಂತಿತ್ತು. ಮುಂದಿನ ಚಕ್ರ ಬಿಚ್ಚಿ ಪಕ್ಕಕ್ಕೆ ಒರಗಿಸಿದ್ರು. ಅದನ್ನ ಓಡಿಸೋನು ಊರಲ್ಲಿ ಮೆಕ್ಯಾನಿಕ್. ಗಾಡಿ ಕೆಳಗೆ ಮಲಗಿದ್ದ, ಬರೀ ಕಾಲು ಕಾಣ್ತಿತ್ತು. ಸ್ಪ್ಯಾನರ್ ಸದ್ದು ಠಣ್... ಠಣ್...

"ಬಾವಿ ಹತ್ರ ಒಂದು ಹೆಣ ಇದೆ, ಯಾವಾಗ ಹೋಗ್ತೀಯ?" ಅಂದ್ಳು ಅಕ್ಕ.

"ಹೆಣ ಕಾಯಲಿ ಮೇಡಂ. ಸಂಜೆಯಿಂದ ಈ ಗಾಡಿ ಅಲ್ಲಾಡಿಲ್ಲ. ಬೆಳಗಾಗೋ ತನಕ ಅಲ್ಲಾಡೋದೂ ಇಲ್ಲ."

ಅಕ್ಕನಿಗೆ ಒಳಗೊಳಗೇ ಖುಷಿ. ಒಳ್ಳೇದೇ ಆಯ್ತು, ಮಲಗಲಿ ಪಾಪ. ಉಗ್ರಾಣದ ಬೆಂಚ್ ಮೇಲೆ ಕೂತ್ಕೊಂಡ್ಳು. ಅಜ್ಜ ಒಳಗೆ ಚಹಾಕ್ಕೆ ನೀರಿಟ್ಟಿದ್ರು. ಬೆಂಚಿನ ಮೇಲೆ ವೈರ್‌ಲೆಸ್ ಸುಮ್ಮನೆ ಬಿದ್ದಿತ್ತು.

ಆಗ ಅದು ಖರ್ರ್... ಅಂತು. ತಿರುವಿನಲ್ಲಿ ಕಾವಲಿಗಿದ್ದವನ ದನಿ. ಊರಲ್ಲಿ ಟೈಲರ್ ಅವನು, ಯಾವಾಗಲೂ ಏನಾದ್ರೂ ತಮಾಷೆ ಮಾಡ್ತಾನೆ. ಆವತ್ತು ಮಾಡಲಿಲ್ಲ.

"ಸತ್ತವರ ಲಾರಿ ಈಗಷ್ಟೇ ದಾಟ್ತು," ಅಂದ. "ಬಾವಿ ಕಡೆ ಹೋಯ್ತು. ದೀಪ ಇಲ್ಲ. ಕೈ ಅಡ್ಡ ಹಾಕಿದೆ, ನಿಲ್ಲಿಸಲಿಲ್ಲ..."

ಸ್ಪ್ಯಾನರ್ ಸದ್ದು ನಿಂತುಹೋಯ್ತು.

ಮೆಕ್ಯಾನಿಕ್ ಗಾಡಿ ಕೆಳಗಿಂದ ಜಾರ್ಕೊಂಡು ಹೊರಗೆ ಬಂದ. ಜಾಕಿ ಮೇಲಿದ್ದ ತನ್ನ ಲಾರಿ ನೋಡಿದ. ಒರಗಿಸಿಟ್ಟ ಚಕ್ರ ನೋಡಿದ. ಆಮೇಲೆ ಅಕ್ಕನ ಮುಖ ನೋಡಿದ.

"ಇಲ್ಲಿ ಸತ್ತವರ ಲಾರಿ ಇರೋದು ಇದೊಂದೇ ಮೇಡಂ..."

ಒಳಗಿಂದ ಅಜ್ಜ ಬಂದ್ರು. ಕೈಯಲ್ಲಿ ಚಹಾ ಸೋಸೋ ಬಟ್ಟೆ ಹಾಗೇ ಇತ್ತು, ತೊಟ್ ತೊಟ್ ಅಂತ ತೊಟ್ಟಿಕ್ತಿತ್ತು. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಯಾರಿಗಮ್ಮಾ ಕಟ್ಟಿದ್ದು?"

"ನನ್... ನನ್ ತಮ್ಮನಿಗೆ."

"ಓಡು," ಅಂದ್ರು ಅಜ್ಜ. "ಆ ಲಾರಿ ಹೊರಡೋದ್ರೊಳಗೆ ಬಿಚ್ಚು. ನೀನೇ ಬಿಚ್ಚಬೇಕು. ನಾನು ಬಂದು ಪ್ರಯೋಜನ ಇಲ್ಲ. ಓಡು!"

ಅಕ್ಕ ಓಡಿದ್ಳು. ಹೇಗೆ ಓಡಿದೆ ಅಂತ ಅವಳಿಗೇ ಗೊತ್ತಿಲ್ಲವಂತೆ. ತಿರುವಿನಲ್ಲಿ ಆ ಟೈಲರ್ ಏನೋ ಕೂಗಿದ, ಕಿವಿಗೆ ಬೀಳಲಿಲ್ಲ. ಕಿವಿ ತುಂಬ ಒಂದೇ ಸದ್ದು... ಡಗ್ ಡಗ್ ಡಗ್ ಡಗ್... ಹಳೇ ಡೀಸೆಲ್ ಎಂಜಿನ್, ಗೇರ್ ಹಾಕದೇ ಸುಮ್ಮನೆ ನಿಂತಾಗ ಬರೋ ಸದ್ದು.

ಬಾವಿ ಪಕ್ಕದಲ್ಲಿ ಲಾರಿ ನಿಂತಿತ್ತು.

ಹುಲ್ಲಿನ ಮೇಲೆ ತಮ್ಮ ಇರಲಿಲ್ಲ.

ಅಕ್ಕ ಮೊದಲು ಡ್ರೈವರ್ ಬಾಗಿಲ ಹತ್ರ ಹೋದ್ಳು. "ಯಾರ್ರೀ ಅದು, ಇಳೀರಿ!" ಅಂದ್ಳು. ಒಳಗೆ ಕತ್ತಲು. ನಿಂತ್ಕೊಳ್ಳೋಕೆ ಆಸರೆಗೆ ಅಂತ ಬಾನೆಟ್ ಮೇಲೆ ಕೈ ಇಟ್ಟಳು. ಇಟ್ಟವಳು ತಕ್ಷಣ ತೆಗೆದ್ಳು. ಎಂಜಿನ್ ಓಡ್ತಿದೆ, ಬಾನೆಟ್ ಅದುರ್ತಿದೆ... ಆದ್ರೆ ತಣ್ಣಗೆ. ಬಾವಿ ನೀರು ಮುಟ್ಟಿದ ಹಾಗೆ ತಣ್ಣಗೆ. ಎಷ್ಟು ವರ್ಷದಿಂದ ಗಾಡಿಗಳ ಜೊತೆ ಬದುಕ್ತಿದ್ದಾಳೆ, ಓಡೋ ಎಂಜಿನ್ ತಣ್ಣಗಿರೋದನ್ನ ಅವಳು ಎಲ್ಲೂ ಕಂಡಿರಲಿಲ್ಲ.

ಹಿಂದಕ್ಕೆ ಹೋದ್ಳು. ಹಿಂಬದಿ ಹಲಗೆ ಕೆಳಗೆ ಇಳಿಬಿದ್ದಿತ್ತು. ಅದರ ಸರಪಳಿ ಝಣ್... ಝಣ್... ಅಂತ ತೂಗ್ತಿತ್ತು. ಹಿಡ್ಕೊಂಡು ಮೇಲೆ ಹತ್ತಿದ್ಳು.

ಒಳಗೆ ಜನ.

ಎರಡೂ ಕಡೆ ಬೆಂಚಿನ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ರು. ತಲೆ ತಗ್ಗಿಸ್ಕೊಂಡು. ಒಬ್ಬೊಬ್ಬರದು ಒಂದೊಂದು ಕಾಲದ ಖಾಕಿ. ಎಲ್ಲರ ತೋಳಲ್ಲೂ ಬಿಳಿ ಪಟ್ಟಿ. ಕೆಲವು ಮಾಸಿ ಬೂದಿ ಬಣ್ಣ ಆಗಿದ್ವು. ಯಾರೂ ಉಸಿರಾಡೋ ಸದ್ದಿಲ್ಲ. ಒಂದು ಗೊರಕೆ ಮಾತ್ರ ಕೇಳಿಸ್ತು... ಆ ಗೊರಕೆ ಅವಳಿಗೆ ಹುಟ್ಟಿದಾಗಿನಿಂದ ಗೊತ್ತು.

ಬೆಂಚಿನ ಕೊನೆಯಲ್ಲಿ ತಮ್ಮ ಕೂತ್ಕೊಂಡೇ ನಿದ್ದೆ ಹೋಗಿದ್ದ.

ಅಕ್ಕ ಅವನ ಕಡೆ ಕಾಲಿಟ್ಟಳು. ಆಗ ಕತ್ತಲಲ್ಲಿ ಯಾರೋ ಮೆಲ್ಲಗೆ ಅಂದ್ರು,

"ಸರ್ಕೊಳ್ಳಿ... ಇನ್ನೊಬ್ರು ಬಂದ್ರು."

ಬೆಂಚಿನ ಮೇಲೆ ಬಟ್ಟೆ ಉಜ್ಜೋ ಸದ್ದು, ಸರ್ರ್... ಅಂತ. ಎಲ್ಲರೂ ಸರಿದ್ರು. ತಮ್ಮನ ಪಕ್ಕದಲ್ಲಿ ಒಬ್ಬರು ಕೂರೋವಷ್ಟು ಜಾಗ ಆಯ್ತು. ನಿದ್ದೆಯಲ್ಲೇ ಅವನೂ ಸರಿದ. ಆ ಜಾಗ ತನಗೇ ಅಂತ ಅಕ್ಕನಿಗೆ ಗೊತ್ತಾಯ್ತು.

ಅವಳು ಕೂರಲಿಲ್ಲ. ಮಂಡಿಯೂರಿ ತಮ್ಮನ ತೋಳು ಹಿಡಿದ್ಳು. ಇಬ್ಬನಿಗೆ ಪಟ್ಟಿ ನೆನೆದು ಗಂಟು ಬಿಗಿದುಹೋಗಿತ್ತು. ಉಗುರು ಹಾಕಿದ್ಳು, ಬರಲಿಲ್ಲ. ಮತ್ತೆ ಹಾಕಿದ್ಳು. "ಏಳೋ... ಏಳೋ ಮಾರಾಯ..." ಅಂತ ಅಳ್ತಾ ಅವನನ್ನ ಅಲ್ಲಾಡಿಸಿದ್ಳು. ಏಳ್ತಾನೆಯೇ? ಮೊದಲೇ ನಿದ್ದೆಬುರುಕ.

ಆ ಕಡೆಯಿಂದ ಒಂದು ಕೈ ಅವಳ ಮುಂದೆ ಚಾಚ್ತು. ಈ ಕಡೆಯಿಂದ ಇನ್ನೊಂದು. ಆಮೇಲೆ ಎಲ್ಲರೂ. ಯಾರೂ ಅವಳನ್ನ ಹಿಡೀಲಿಲ್ಲ, ಎಳೀಲಿಲ್ಲ. ತೋಳು ಮುಂದೆ ಮಾಡಿ ಕಾಯ್ತಿದ್ರು, ಅಷ್ಟೇ. ಮಕ್ಕಳು ಅಂಗಿ ಗುಂಡಿ ಹಾಕಿಸ್ಕೊಳ್ಳೋಕೆ ನಿಲ್ತಾರಲ್ಲ, ಹಾಗೆ.

ಅಕ್ಕನಿಗೆ ಕರುಳು ಕಿತ್ತು ಬಂತಂತೆ. ಹೆದರಿಕೆ ಹೋಗಿ ಅಳುವೇ ಬಂತು ಅಂತಾಳೆ. ಪಕ್ಕದಲ್ಲಿ ಚಾಚಿದ್ದ ಕೈಯ ಗಂಟಿಗೆ ಒಂದು ಸಲ ಬೆರಳು ಹಾಕಿ ನೋಡಿದ್ಳು. ಬಟ್ಟೆ ಗಂಟಲ್ಲ ಅದು, ಕಬ್ಬಿಣ.

ಆ ಕೈಯವನು ಮೆಲ್ಲಗೆ ಹೇಳಿದ,

"ಬಿಡಿ ತಾಯಿ. ಅದು ನಿಮ್ಮ ಕೈಗೆ ಬರಲ್ಲ. ನನಗೆ ಕಟ್ಟಿದವರು ಮನೆಗೆ ಹೋದ್ರು."

ಅಷ್ಟೇ ಹೇಳಿದ್ದು. ಬೇಸರ ಇಲ್ಲ, ಸಿಟ್ಟಿಲ್ಲ. ಬಸ್ ಹೋಯ್ತು ಅಂತ ಹೇಳೋ ಹಾಗೆ.

ಮುಂದೆ ಗೇರ್ ಬಿದ್ದ ಸದ್ದು. ಖಟಕ್.

ಲಾರಿ ಹೊರಟಿತು. ಅಕ್ಕ ಆ ಕೈ ಬಿಟ್ಟು ತಮ್ಮನ ತೋಳಿಗೆ ಬಾಯಿ ಹಾಕಿದ್ಳು. ಗಂಟನ್ನ ಹಲ್ಲಲ್ಲಿ ಕಚ್ಚಿ ಎಳೆದ್ಳು. ಬಾಯಿ ತುಂಬ ಡೀಸೆಲ್ ರುಚಿ. ಇನ್ನೊಂದು ಸಲ ಎಳೆದ್ಳು... ಗಂಟು ಸಡಿಲ ಆಯ್ತು. ಪಟ್ಟಿ ಬಿಚ್ಕೊಂಡು ಅವಳ ಮಡಿಲಿಗೆ ಬಿತ್ತು.

ತಮ್ಮ ಕಣ್ಣು ಬಿಟ್ಟ.

"ಚಹಾ ಬಂತಾ?" ಅಂದ.

ನಗಬೇಡಿ ಅಂದೆ ತಾನೇ. ಅವನು ಕೇಳಿದ್ದು ಅದನ್ನೇ.

ಅಕ್ಕ ಅವನ ಕಾಲರ್ ಹಿಡಿದು ಎಳ್ಕೊಂಡು ಹಿಂಬದಿಯಿಂದ ಹಾರಿದ್ಳು. ಇಬ್ಬರೂ ರಸ್ತೆ ಮೇಲೆ ಬಿದ್ರು. ಅವಳು ಬಿದ್ದದ್ದು ಧಬ್. ಅವನು ಬಿದ್ದದ್ದು ಧಬ್. ಆಮೇಲೆ, ಒಂದು ಉಸಿರು ಬಿಟ್ಟು... ಇನ್ನೊಂದು ಸಲ, ಮೆತ್ತಗೆ... ಧಬ್.

ಅಕ್ಕ ತಿರುಗಿ ನೋಡಿದ್ಳು. ರಸ್ತೆ ಮೇಲೆ ಅವರಿಬ್ಬರೇ. ಲಾರಿ ಹೋಗ್ತಿದ್ದ ಸದ್ದು ದೂರ ಆಗ್ಲಿಲ್ಲ, ಅಲ್ಲೇ ಒಂದು ಕಡೆ ನಿಂತುಹೋಯ್ತು, ಎಂಜಿನ್ ಆರಿಸಿದ ಹಾಗೆ. ಬಾವಿ ರಾಟೆ ಕಿರ್ರ್... ಅಂತು.

ಶಿಬಿರಕ್ಕೆ ಬಂದಾಗ ಅಜ್ಜ ಬಾಗಿಲಲ್ಲೇ ನಿಂತಿದ್ರು. ತಮ್ಮನ ತೋಳು ಮುಟ್ಟಿ ನೋಡಿದ್ರು, ಬಿಳಿ ಪಟ್ಟಿ ಅಕ್ಕನ ಮುಷ್ಟಿಯಲ್ಲಿರೋದನ್ನ ನೋಡಿದ್ರು. ಬೆಂಚಿನ ಮೇಲೆ ಮೂರು ಲೋಟ ಇಟ್ಟು ಚಹಾ ಹಾಕಿದ್ರು. ಮೂರನೇದು ಅಜ್ಜನಿಗೆ ಇರಬೇಕು ಅಂದ್ಕೊಂಡ್ಳು ಅಕ್ಕ. ಅವರು ಮುಟ್ಟಲೇ ಇಲ್ಲ. ಬೆಳಗಿನ ತನಕ ಅದು ಹಾಗೇ ಇತ್ತು, ಕೆನೆ ಕಟ್ಕೊಂಡು.

ತಾಲೀಮು ಮುಗೀತು. ಅಕ್ಕ ತಾನು ಕಟ್ಟಿದ್ದನ್ನೆಲ್ಲ ತಾನೇ ಬಿಚ್ಚಿದ್ಳು, ಒಬ್ಬೊಬ್ಬರ ಹತ್ರಾನೂ ಹೋಗಿ. ತಮ್ಮನನ್ನ ಕರ್ಕೊಂಡು ಬಂದು ಅವನ ಹೆಂಡ್ತಿ ಮುಂದೆ ನಿಲ್ಲಿಸಿ, "ತಗೋಮ್ಮಾ, ಕೊಟ್ಟ ಹಾಗೇ ವಾಪಸ್" ಅಂದ್ಳು. ಆ ಹುಡುಗಿ ನಕ್ಕಳು. ಅಕ್ಕ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಕೊಂಡು ಅತ್ತು ಬಂದ್ಳು. ತಮ್ಮನಿಗೆ ಏನೂ ನೆನಪಿಲ್ಲ. ಚೆನ್ನಾಗಿ ನಿದ್ದೆ ಬಂದಿತ್ತು ಅಂತಾನೆ, ಅಷ್ಟೇ.

ಆಮೇಲೆ ಮಗು ಆಯ್ತು. ಹೆಣ್ಣು ಮಗು, ಅಪ್ಪನ ಹಾಗೇ ನಿದ್ದೆಬುರುಕಿ. ಬಾಣಂತಿಗೆ ಸಹಾಯಕ್ಕೆ ಅಂತ ನಾನು ಅಲ್ಲಿ ಹೋಗಿ ಸ್ವಲ್ಪ ದಿನ ಇದ್ದೆ. ಒಂದು ದಿನ ಬೆಳಗ್ಗೆ ಅವನ ಹೆಂಡ್ತಿ ನನ್ನನ್ನ ಅಡುಗೆಮನೆಗೆ ಕರೆದು ಬಾಗಿಲು ಹಾಕಿದ್ಳು.

"ಇವರು ಶಿಬಿರದಿಂದ ಬಂದಾಗಿನಿಂದ ಸರ್ಕೊಂಡು ಮಲಗ್ತಾರೆ," ಅಂದ್ಳು. "ಗೋಡೆ ಕಡೆ ಒಬ್ಬರು ಮಲಗೋವಷ್ಟು ಜಾಗ ಬಿಟ್ಟು. ಮೊದಲು ಬಸುರಿ ಅಂತ ನನಗೇ ಜಾಗ ಬಿಡ್ತಾರೆ ಅಂದ್ಕೊಂಡಿದ್ದೆ. ಆಮೇಲೆ ಮಗುವಿಗೆ ಅಂದ್ಕೊಂಡೆ. ನಿನ್ನೆ ರಾತ್ರಿ ಮಗೂನ ಅಲ್ಲಿ ಮಲಗಿಸಿದೆ..."

ಒಲೆ ಮೇಲೆ ಹಾಲು ಉಕ್ತಿತ್ತು, ಇಬ್ಬರೂ ಆರಿಸಲಿಲ್ಲ.

"ಇವರು ನಿದ್ದೆಯಲ್ಲೇ ಎದ್ರು. ಕಣ್ಣು ಮುಚ್ಚೇ ಇತ್ತು. ಮಗೂನ ಮೆಲ್ಲಗೆ ಎತ್ತಿ ನನ್ನ ಈ ಪಕ್ಕಕ್ಕೆ ಮಲಗಿಸಿದ್ರು. 'ಅಲ್ಲಿ ಬೇಡ' ಅಂದ್ರು. 'ಅಲ್ಲಿ ಒಬ್ರು ಮಲಗಿದ್ದಾರೆ.'"

ನರ ದೌರ್ಬಲ್ಯ, ಕನಸು, ಅದು ಇದು ಅಂತ ಬಾಯಿಗೆ ಬಂದದ್ದು ಹೇಳಿ ಸಮಾಧಾನ ಮಾಡಿದೆ. ಆ ವಿಷಯ ಅಕ್ಕನ ಕಿವಿಗೆ ಹಾಕಿದ್ದು ನಾನೇ. ಆಗ ತಾನೇ ಅವಳು ನನ್ನ ಕೈ ಹಿಡ್ಕೊಂಡು ಇದನ್ನೆಲ್ಲ ಹೇಳಿದ್ದು. ಈಗಲೂ ವರ್ಷಾ ವರ್ಷಾ ಶಿಬಿರಕ್ಕೆ ಹೋಗ್ತಾಳೆ, ಬೇಡ ಅಂದ್ರೂ ಕೇಳಲ್ಲ. ಹಳಬರನ್ನೆಲ್ಲ ಹಿಡಿದು ಕೇಳ್ತಾಳೆ, ಬಾವಿ ಹತ್ರ ಯಾವತ್ತಾದ್ರೂ ಯಾರಿಗಾದ್ರೂ ಪಟ್ಟಿ ಕಟ್ಟಿ ಬಿಚ್ಚೋಕೆ ಮರೆತು ಮನೆಗೆ ಹೋದವರು ನೀವೇನಾ ಅಂತ. ಇನ್ನೂ ಯಾರೂ ಹೌದು ಅಂದಿಲ್ಲ.

ಸುಳ್ಳು ಅನ್ನೋರು ಅನ್ನಿ, ನನಗೇನೂ ನಷ್ಟ ಇಲ್ಲ. ಆ ಮನೆಯಲ್ಲಿದ್ದಷ್ಟು ದಿನ ಆ ಹಾಸಿಗೆಯ ಹೊದಿಕೆ ಒಗೆದಿದ್ದು ನಾನು, ಈ ಎರಡು ಕೈಯಲ್ಲಿ. ಹೊದಿಕೆಯ ಗೋಡೆ ಕಡೆಯ ಅರ್ಧಭಾಗ ದಿನಾ ಬೆಳಗ್ಗೆ ಒದ್ದೆ ಇರ್ತಿತ್ತು. ಮಗು ಮಲಗಿದ ಕಡೆ ಅಲ್ಲ, ಗೋಡೆ ಕಡೆ. ಎಷ್ಟು ಸೋಪು ಹಾಕಿ ತಿಕ್ಕಿದ್ರೂ ಡೀಸೆಲ್ ವಾಸನೆ ಹೋಗ್ಲಿಲ್ಲ.